14 ತಿಂಗಳೋ, 28 ತಿಂಗಳೋ

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲನಾಗಿ ಕಾರಾಗೃಹದ ಸಂದರ್ಶನ ಕೊಠಡಿಯಲ್ಲಿ ಆ ಹುಡುಗನನ್ನು ಮೊದಲ ಸಲ ಭೇಟಿಯಾದಾಗ ಅವನು ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. "ಸರ್, ತಪ್ಪಾತು ಅಂದ್ರ ಯಾವಾಗ ಬಿಡ್ತಾರ್ರೀ?" ಎಂಬುದು ಮೊದಲನೆಯದು. ನಾನು ಕಡತದ ಹಾಳೆ ತಿರುವುತ್ತ ಉತ್ತರವನ್ನು ಹೊಂದಿಸಿಕೊಳ್ಳುತ್ತಿದ್ದಾಗಲೇ ಎರಡನೆಯದು ಬಂತು: "ನಾ ಮಾಡಿಲ್ಲ ಅಂದ್ರ ಯಾವಾಗ ಬಿಡ್ತಾರ್ರೀ?"

ಇಪ್ಪತ್ತೊಂದು ವರ್ಷಗಳ ವಕೀಲಿಕೆಯಲ್ಲಿ ತಪ್ಪೊಪ್ಪಿಗೆಯನ್ನೂ ಬಿಡುಗಡೆಯನ್ನೂ ಯಾರೂ ನನ್ನೆದುರು ಇಷ್ಟು ನೇರವಾಗಿ ಪಕ್ಕಪಕ್ಕದಲ್ಲಿ ಇಟ್ಟಿರಲಿಲ್ಲ. ಕಾನೂನು ಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಅಧ್ಯಾಯಗಳಲ್ಲಿವೆ. ತಪ್ಪೊಪ್ಪಿಗೆಯ ಚೌಕಾಸಿ ಒಂದು ಕಡೆ, ಜಾಮೀನು ಮತ್ತೊಂದು ಕಡೆ. ಒಳಗಿರುವವನಿಗೆ ಮಾತ್ರ ಅವೆರಡೂ ಒಂದೇ ಲೆಕ್ಕ. ಆ ಲೆಕ್ಕವನ್ನು ಅವನಿಗಾಗಿ ಮಾಡಿಕೊಡಲು ಕುಳಿತಾಗ ನನಗೆ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪ್ರಕರಣ ಇನ್ನೂ ನಡೆಯುತ್ತಿರುವುದರಿಂದ ಊರು, ನ್ಯಾಯಾಲಯ, ಹೆಸರು ಯಾವುದನ್ನೂ ಹೇಳುವುದಿಲ್ಲ. ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ.

ಅವನು ರಾಯಚೂರು ಕಡೆಯವನು, ವಯಸ್ಸು 23. ಪೇಂಟಿಂಗ್ ಮೇಸ್ತ್ರಿಯೊಬ್ಬರ ಜೊತೆ ದಕ್ಷಿಣದ ಒಂದು ಊರಿಗೆ ಕೆಲಸಕ್ಕೆ ಬಂದಿದ್ದ. ಅವರು ಬಣ್ಣ ಬಳಿಯುತ್ತಿದ್ದ ಮನೆಯಲ್ಲಿ ಚಿನ್ನದ ಸರ ಕಾಣೆಯಾಯಿತು. ಕೆಲವು ದಿನಗಳ ಮೇಲೆ ಅದು ಗಿರವಿ ಅಂಗಡಿಯಲ್ಲಿ ಸಿಕ್ಕಿತು. ಅಷ್ಟರಲ್ಲಿ ಮೇಸ್ತ್ರಿ ತಲೆಮರೆಸಿಕೊಂಡಿದ್ದರು, ಇವನು ಸಿಕ್ಕಿದ. ಗಿರವಿ ಇಟ್ಟವರು ಯಾರು ಎಂಬುದೇ ಪ್ರಕರಣದ ತಿರುಳು. ವಾಸದ ಮನೆಯೊಳಗಿನ ಕಳವಾದ್ದರಿಂದ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ ಹಾಕಲಾಗಿತ್ತು. ಅದರ ಗರಿಷ್ಠ ಶಿಕ್ಷೆ 7 ವರ್ಷ. ಪೊಲೀಸರು ದೋಷಾರೋಪಣ ಪಟ್ಟಿಯನ್ನು (ಚಾರ್ಜ್‌ಶೀಟ್) 60 ದಿನದೊಳಗೆ ಸಲ್ಲಿಸದಿದ್ದರೆ ಅವನಿಗೆ ತಾನಾಗಿಯೇ ಜಾಮೀನಿನ ಹಕ್ಕು ಹುಟ್ಟುತ್ತಿತ್ತು. 58ನೇ ದಿನ ಅದು ಸಲ್ಲಿಕೆಯಾಯಿತು. ನಾನು ಅವನನ್ನು ಕಂಡಾಗ ಎಂಟು ತಿಂಗಳು ತುಂಬಿತ್ತು.

ಮೊದಲ ಪ್ರಶ್ನೆಗೆ ಉತ್ತರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 23ನೇ ಅಧ್ಯಾಯದಲ್ಲಿದೆ. 289ರಿಂದ 300ರವರೆಗಿನ ಕಲಂಗಳು ಪ್ಲೀ ಬಾರ್ಗೇನಿಂಗ್‌ಗೆ, ಅಂದರೆ ತಪ್ಪೊಪ್ಪಿಗೆಯ ಚೌಕಾಸಿಗೆ, ಮೀಸಲು. ಏಳು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ. ಮಹಿಳೆಯ ವಿರುದ್ಧದ, ಮಕ್ಕಳ ವಿರುದ್ಧದ ಅಪರಾಧಗಳಿಗೆ ಮತ್ತು ದೇಶದ ಸಾಮಾಜಿಕ-ಆರ್ಥಿಕ ಸ್ಥಿತಿಗೆ ಧಕ್ಕೆ ತರುವಂಥವೆಂದು ಸರ್ಕಾರ ಗುರುತಿಸಿದ ಕಾಯಿದೆಗಳಡಿಯ ಅಪರಾಧಗಳಿಗೂ ಇಲ್ಲ. ಅರ್ಜಿಯನ್ನು ಆರೋಪಿಯೇ ಹಾಕಬೇಕು. ಯಾರ ಒತ್ತಾಯವೂ ಇಲ್ಲದೆ, ಶಿಕ್ಷೆಯ ಸ್ವರೂಪ ತಿಳಿದುಕೊಂಡೇ ಹಾಕುತ್ತಿದ್ದೇನೆ ಎಂಬ ಪ್ರಮಾಣಪತ್ರ ಜೊತೆಗಿರಬೇಕು. ನ್ಯಾಯಾಧೀಶರು ಸರ್ಕಾರಿ ಅಭಿಯೋಜಕರನ್ನೂ ದೂರುದಾರರನ್ನೂ ಹೊರಗಿಟ್ಟು ಆರೋಪಿಯೊಬ್ಬನನ್ನೇ ಕೂರಿಸಿಕೊಂಡು ವಿಚಾರಿಸುತ್ತಾರೆ. ಅವನ ಉತ್ತರ ಸಮಾಧಾನ ತಂದರೆ ಅಭಿಯೋಜಕರು, ತನಿಖಾಧಿಕಾರಿ, ನೊಂದವರು ಮತ್ತು ಆರೋಪಿ ಒಟ್ಟಿಗೆ ಕುಳಿತು, ಪರಿಹಾರವೆಷ್ಟು, ಖರ್ಚೆಷ್ಟು ಎಂದು ಒಂದು ತೀರ್ಮಾನಕ್ಕೆ ಬರಲು 60 ದಿನ ಮೀರದಂತೆ ಕಾಲಾವಕಾಶ ಸಿಗುತ್ತದೆ. ಒಪ್ಪಿಗೆಯಾದರೆ ಶಿಕ್ಷೆ ಇಳಿಯುತ್ತದೆ. ಕನಿಷ್ಠ ಶಿಕ್ಷೆ ನಿಗದಿಯಾಗಿಲ್ಲದ ಅಪರಾಧಕ್ಕೆ ಗರಿಷ್ಠದ ನಾಲ್ಕನೇ ಒಂದು ಭಾಗ. ಹಿಂದೆ ಯಾವ ಪ್ರಕರಣದಲ್ಲೂ ಶಿಕ್ಷೆಯಾಗದವನಾದರೆ ಆರನೇ ಒಂದು ಭಾಗ. ಏಳು ವರ್ಷದ ಆರನೇ ಒಂದು ಭಾಗ 14 ತಿಂಗಳು. ವಿಚಾರಣಾಧೀನನಾಗಿ ಕಳೆದ ದಿನಗಳು ಈ ಶಿಕ್ಷೆಯಲ್ಲಿ ವಜಾ ಆಗುತ್ತವೆ. ಪ್ರೊಬೇಷನ್, ಅಂದರೆ ಜೈಲಿನ ಬದಲು ಸನ್ನಡತೆಯ ಷರತ್ತಿನ ಮೇಲೆ ಬಿಡುಗಡೆ, ಸಿಕ್ಕರೆ ಅಷ್ಟೂ ಬೇಕಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ಅದೇ ಸಂಹಿತೆಯ 479ನೇ ಕಲಂನಲ್ಲಿದೆ. ಮರಣದಂಡನೆ ಅಥವಾ ಜೀವಾವಧಿಯ ಆರೋಪವಿಲ್ಲದ ವಿಚಾರಣಾಧೀನ ಕೈದಿ, ಆ ಅಪರಾಧದ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗೆ ಕಳೆದಿದ್ದರೆ ಅವನನ್ನು ಜಾಮೀನಿನ ಮೇಲೆ ಬಿಡಬೇಕು. ಮೊದಲ ಸಲದ ಆರೋಪಿಯಾದರೆ ಮೂರನೇ ಒಂದು ಭಾಗ ಕಳೆದ ಕೂಡಲೇ ಮುಚ್ಚಳಿಕೆಯ ಮೇಲೆ ಬಿಡಬೇಕು. ಏಳು ವರ್ಷದ ಮೂರನೇ ಒಂದು ಭಾಗ 28 ತಿಂಗಳು.

ಚೌಕಾಸಿಯ ನಾಲ್ಕನೇ ಒಂದಕ್ಕೆ ಜಾಮೀನಿನ ಅರ್ಧ, ಅಲ್ಲಿನ ಆರನೇ ಒಂದಕ್ಕೆ ಇಲ್ಲಿನ ಮೂರನೇ ಒಂದು. ಮೂರು ವರ್ಷದ ಸಾಧಾರಣ ಕಳವಿಗೆ ಲೆಕ್ಕ ಹಾಕಿ ನೋಡಿ, 6 ತಿಂಗಳು ಮತ್ತು 12 ತಿಂಗಳು ಬರುತ್ತದೆ. ಐದು ವರ್ಷದ ಅಪರಾಧಕ್ಕೆ 10 ಮತ್ತು 20. ಚೌಕಾಸಿಗೆ ಒಳಪಡುವ, ಕನಿಷ್ಠ ಶಿಕ್ಷೆ ನಿಗದಿಯಾಗಿಲ್ಲದ ಅಪರಾಧ ಯಾವುದೇ ಇರಲಿ, ಆರೋಪಿ ಹಳಬನಾಗಿರಲಿ ಹೊಸಬನಾಗಿರಲಿ, 'ನಾನೇ ಮಾಡಿದೆ' ಎಂದವನು ಹೊರಬರುವ ದಿನ 'ನಾನು ಮಾಡಿಲ್ಲ' ಎಂದವನಿಗೆ ಬಿಡುಗಡೆಯ ಹಕ್ಕು ಹುಟ್ಟುವ ದಿನಕ್ಕಿಂತ ಸರಿಯಾಗಿ ಅರ್ಧ ದೂರದಲ್ಲಿರುತ್ತದೆ. ಎರಡು ಬೇರೆ ಉದ್ದೇಶಗಳಿಗಾಗಿ ಎರಡು ಬೇರೆ ಅಧ್ಯಾಯಗಳಲ್ಲಿ ಬರೆದ ಭಿನ್ನರಾಶಿಗಳು ಹೀಗೆ ಒಂದರ ಪಕ್ಕ ಒಂದು ಬಂದು ಕೂರುತ್ತವೆಂದು ಕರಡು ಬರೆದವರು ಯೋಚಿಸಿದ್ದರೋ ಇಲ್ಲವೋ, ಜೈಲಿನ ಕೈದಿಗಳಿಗಂತೂ ಅದು ಚೆನ್ನಾಗಿ ಗೊತ್ತು. ನನಗೆ ಮೊದಲು ಹೇಳಿದ್ದೇ ಅವರಲ್ಲೊಬ್ಬ ಹಳಬ.

ಇದನ್ನು ಹೇಳುವಾಗ ಒಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ: ಜಾಮೀನಿಗಾಗಿ 28 ತಿಂಗಳು ಕಾಯಬೇಕೆಂದು ಯಾವ ಕಾನೂನೂ ಹೇಳುವುದಿಲ್ಲವಲ್ಲ, ಏಳು ವರ್ಷದ ಕಳವಿನ ಪ್ರಕರಣದಲ್ಲಿ ಯಾರಿಗಾದರೂ ಒಂದೆರಡು ತಿಂಗಳಲ್ಲಿ ಜಾಮೀನು ಸಿಗುತ್ತದಲ್ಲ ಎಂದು. ನಿಜ. ಇವನಿಗೂ ಮೂರನೇ ತಿಂಗಳಲ್ಲೇ ಜಾಮೀನು ಮಂಜೂರಾಗಿತ್ತು. ಆದೇಶದ ಕೊನೆಯಲ್ಲಿ ಒಂದು ಷರತ್ತಿತ್ತು: ತಲಾ 50,000 ರೂಪಾಯಿಗೆ ಇಬ್ಬರು ಸ್ಥಳೀಯ ಜಾಮೀನುದಾರರು. ಪಹಣಿಯೋ ಮನೆ ಕಂದಾಯದ ರಸೀದಿಯೋ ಹಿಡಿದುಕೊಂಡು, 'ಇವನು ವಾಯಿದೆಗೆ ಬರದಿದ್ದರೆ ಹಣ ನಾನು ಕಟ್ಟುತ್ತೇನೆ' ಎಂದು ಕಟಕಟೆಯಲ್ಲಿ ನಿಂತು ಹೇಳುವ ಇಬ್ಬರು. ಐದುನೂರು ಕಿಲೋಮೀಟರ್ ಆಚೆಯಿಂದ ಬಂದು ಬಾಡಿಗೆ ಕೋಣೆಯಲ್ಲಿ ಐದು ಜನರೊಂದಿಗೆ ಮಲಗುತ್ತಿದ್ದವನಿಗೆ ಅಂಥ ಇಬ್ಬರು ಎಲ್ಲಿಂದ ಬರಬೇಕು? ಅವನಿಗೆ ಆ ಊರಿನಲ್ಲಿ ಪರಿಚಯವಿದ್ದ ಏಕೈಕ ಮನೆಮಾಲೀಕರು ಈ ಪ್ರಕರಣದ ದೂರುದಾರರು.

ಇದು ಹೊಸ ಸಮಸ್ಯೆಯೇನಲ್ಲ. 1978ರಲ್ಲಿ ಮಧ್ಯಪ್ರದೇಶದ ಗಾರೆ ಕೆಲಸದ ಮೋತಿರಾಮ್ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಿತ್ತು. ಕೆಳಗಿನ ನ್ಯಾಯಾಲಯ 10,000 ರೂಪಾಯಿಯ ಜಾಮೀನು ಕೇಳಿತ್ತು. ಅವರ ಸಹೋದರ ಬೇರೆ ಜಿಲ್ಲೆಯವರೆಂಬ ಕಾರಣಕ್ಕೆ ಅವರ ಜಾಮೀನನ್ನು ತಿರಸ್ಕರಿಸಿತ್ತು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅದನ್ನು ರದ್ದುಪಡಿಸಿ, 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿ ಎಂದರು. ಮಲಯಾಳಿಯೋ ಕನ್ನಡಿಗನೋ ತಮಿಳನೋ ಬಸ್ತರ್‌ನಲ್ಲೋ ಚಾಂದನಿ ಚೌಕದಲ್ಲೋ ಬಂಧನಕ್ಕೊಳಗಾದರೆ ಅಲ್ಲಿ ಆಸ್ತಿಯುಳ್ಳ ಜಾಮೀನುದಾರರನ್ನು ಎಲ್ಲಿಂದ ತರಬೇಕು ಎಂಬ ಅರ್ಥದ ಪ್ರಶ್ನೆಯನ್ನು ಅವರು ಆ ತೀರ್ಪಿನಲ್ಲಿ ಎತ್ತಿದ್ದಾರೆ. ಕನ್ನಡಿಗನನ್ನು ಹೆಸರಿಸಿದ ಆ ಸಾಲನ್ನು ನಾನು ಎಷ್ಟೋ ಅರ್ಜಿಗಳಲ್ಲಿ ಉದ್ಧರಿಸಿದ್ದೇನೆ. ನನ್ನ ಕಕ್ಷಿದಾರ ಬಸ್ತರ್‌ಗೂ ಹೋಗಿರಲಿಲ್ಲ, ದಿಲ್ಲಿಗೂ ಹೋಗಿರಲಿಲ್ಲ. ಕರ್ನಾಟಕದೊಳಗೇ ಒಂದು ರಾತ್ರಿಯ ಬಸ್ ಪ್ರಯಾಣ ಮಾಡಿದ್ದ, ಅಷ್ಟೆ.

479ನೇ ಕಲಂನ ಬಾಗಿಲಾದರೂ ಎಲ್ಲರಿಗೂ ತೆರೆಯುತ್ತದೆಯೇ ಎಂದರೆ ಅದೂ ಇಲ್ಲ. ಆರೋಪಿಯ ಮೇಲೆ ಒಂದಕ್ಕಿಂತ ಹೆಚ್ಚು ಅಪರಾಧಗಳ ಅಥವಾ ಹಲವು ಪ್ರಕರಣಗಳ ತನಿಖೆ ಇಲ್ಲವೇ ವಿಚಾರಣೆ ಬಾಕಿಯಿದ್ದರೆ ಅವನನ್ನು ಈ ಕಲಂನಡಿ ಬಿಡುವಂತಿಲ್ಲ ಎಂದು ಅದರ ಎರಡನೇ ಉಪಕಲಂ ಹೇಳುತ್ತದೆ. ನಮ್ಮ ಠಾಣೆಗಳ ದೋಷಾರೋಪಣ ಪಟ್ಟಿಗಳನ್ನು ಓದಿದವರಿಗೆ ಒಂದೇ ಕಲಂನ ಪಟ್ಟಿ ಎಷ್ಟು ಅಪರೂಪವೆಂದು ಗೊತ್ತು. ಸಾಲದ್ದಕ್ಕೆ, ಕಾರಣಗಳನ್ನು ಬರೆದಿಟ್ಟು ಬಂಧನವನ್ನು ಮುಂದುವರಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಚೌಕಾಸಿಯ ಬಾಗಿಲಿಗೂ ಇಂಥದೇ ಒಂದು ಹೊಸ್ತಿಲಿದೆ: ಬೀಗ ಮುರಿದು ಒಳಹೊಕ್ಕು ಕದ್ದರೆಂಬ ಆರೋಪ ಸೇರಿದರೆ ಶಿಕ್ಷೆ ಏಳು ವರ್ಷವನ್ನು ದಾಟುತ್ತದೆ, ಅಲ್ಲಿಗೆ ಚೌಕಾಸಿಯ ಮಾತೇ ಮುಗಿಯಿತು. ಅಂದರೆ ಯಾರಿಗೆ ಯಾವ ಬಾಗಿಲು ಎಂಬುದು ಬಹುಪಾಲು ತನಿಖಾಧಿಕಾರಿ ಎಷ್ಟು ಕಲಂಗಳನ್ನು ಬರೆದರು ಎಂಬುದರ ಮೇಲೆ ನಿಂತಿದೆ. ನನ್ನ ಹುಡುಗನ ಅದೃಷ್ಟಕ್ಕೆ ಅವನು ಕೆಲಸಕ್ಕೆಂದು ಮನೆಯವರೇ ಬಾಗಿಲು ತೆರೆದು ಒಳಗೆ ಕರೆದವನಾಗಿದ್ದ.

ಪ್ಲೀ ಬಾರ್ಗೇನಿಂಗ್‌ ನಮ್ಮಲ್ಲಿಗೆ ಬಂದ ದಾರಿಯಲ್ಲಿ ಕರ್ನಾಟಕದ ಎರಡು ಗುರುತುಗಳಿವೆ. ಅವನ್ನು ಹೇಳದೆ ಮುಂದೆ ಹೋಗಲಾರೆ. ಸುಪ್ರೀಂ ಕೋರ್ಟ್ ದೀರ್ಘಕಾಲ ಈ ಪದ್ಧತಿಯನ್ನು ಒಪ್ಪಿರಲಿಲ್ಲ. 1980ರ ಕಸಂಭಾಯಿ ಪ್ರಕರಣದಲ್ಲಿ, ಶಿಕ್ಷೆ ಕಡಿಮೆಯಾಗುತ್ತದೆಂಬ ಆಸೆಯಿಂದ ಮಾಡಿದ ತಪ್ಪೊಪ್ಪಿಗೆಯ ಮೇಲೆ ಶಿಕ್ಷಿಸುವುದು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ಕಾಯುವ ಸಂವಿಧಾನದ 21ನೇ ವಿಧಿಗೆ ವಿರುದ್ಧವೆಂದು ಅದು ಹೇಳಿತು. ನಿರಪರಾಧಿಯೂ ವರ್ಷಗಟ್ಟಲೆ ಅಲೆಯುವುದಕ್ಕಿಂತ ಒಪ್ಪಿಕೊಂಡು ಮುಗಿಸಿಬಿಡೋಣ ಎಂದುಕೊಳ್ಳಬಹುದು ಎಂಬ ಭಯ ಅದರ ಹಿಂದಿತ್ತು. 1983ರ ವರದಿಗಳಲ್ಲಿ ಪ್ರಕಟವಾದ ತಿಪ್ಪೇಸ್ವಾಮಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸಂಗತಿ ಇನ್ನೂ ಕೆಟ್ಟದಾಗಿತ್ತು: ಹಗುರ ಶಿಕ್ಷೆಯ ನಿರೀಕ್ಷೆಯಲ್ಲಿ ಆರೋಪಿ ತಪ್ಪೊಪ್ಪಿಕೊಂಡು ಬಿಟ್ಟಿದ್ದ, ಆಮೇಲೆ ಮೇಲ್ಮನವಿಯಲ್ಲಿ ಶಿಕ್ಷೆ ಹೆಚ್ಚಾಯಿತು. ಹಗುರವಾಗಿ ಬಿಡುತ್ತೇವೆಂದು ನಂಬಿಸಿ ಒಪ್ಪಿಸಿ, ಬಳಿಕ ಶಿಕ್ಷೆಯನ್ನು ಏರಿಸುವುದು 21ನೇ ವಿಧಿಯ ಉಲ್ಲಂಘನೆಯೆಂದು ಸುಪ್ರೀಂ ಕೋರ್ಟ್ ಹೇಳಿತು. ಇನ್ನೊಂದು ಗುರುತು ನ್ಯಾಯಮೂರ್ತಿ ವಿ. ಎಸ್. ಮಳಿಮಠರದು. ಕರ್ನಾಟಕ ಮತ್ತು ಕೇರಳ ಹೈಕೋರ್ಟ್‌ಗಳ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅವರ ಅಧ್ಯಕ್ಷತೆಯ ಸಮಿತಿ 2003ರಲ್ಲಿ ಕೊಟ್ಟ ವರದಿ, ಅದಕ್ಕೂ ಹಿಂದೆ ಕಾನೂನು ಆಯೋಗ 1991ರ ತನ್ನ 142ನೇ ವರದಿಯಿಂದ ಈ ಪದ್ಧತಿ ಬೇಕೆಂದು ಹೇಳುತ್ತ ಬಂದಿದ್ದನ್ನು ಬೆಂಬಲಿಸಿತು. ಸಂಸತ್ತು ದಂಡ ಪ್ರಕ್ರಿಯಾ ಸಂಹಿತೆಗೆ 21-ಎ ಅಧ್ಯಾಯವನ್ನು ಸೇರಿಸಿತು. 2006ರ ಜುಲೈ 5ರಂದು ಅದು ಜಾರಿಗೆ ಬಂತು. 2024ರ ಜುಲೈ 1ರಂದು ಆ ಸಂಹಿತೆಯ ಜಾಗಕ್ಕೆ ಹೊಸ ನಾಗರಿಕ ಸುರಕ್ಷಾ ಸಂಹಿತೆ ಬಂದಾಗ ಆ ಅಧ್ಯಾಯ ಹೆಚ್ಚೂಕಡಿಮೆ ಹಾಗೆಯೇ ದಾಟಿಕೊಂಡಿತು. ಹೊಸದಾಗಿ ಸೇರಿದ್ದು ಮೊದಲ ಸಲದವರಿಗೆ ಸಿಗುವ ಆರನೇ ಒಂದರ ರಿಯಾಯಿತಿ, ನ್ಯಾಯಾಲಯ ದೋಷಾರೋಪಣೆ ರಚಿಸಿದ, ಅಂದರೆ ಯಾವ ಆರೋಪಗಳ ಮೇಲೆ ವಿಚಾರಣೆಯೆಂದು ನಿಗದಿಪಡಿಸಿದ, 30 ದಿನದೊಳಗೆ ಅರ್ಜಿ ಹಾಕಬೇಕೆಂಬ ಗಡುವು ಮತ್ತು ಮಾತುಕತೆಯ 60 ದಿನದ ಮಿತಿ.

ಮಳಿಮಠ ಸಮಿತಿಯ ಆಲೋಚನೆಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ನಾಲ್ವರಲ್ಲಿ ಮೂವರಿಗಿಂತ ಹೆಚ್ಚು. ತಪ್ಪು ಮಾಡಿದವನೊಬ್ಬ ಒಪ್ಪಿಕೊಂಡು, ನೊಂದವರಿಗೆ ಪರಿಹಾರ ಕೊಟ್ಟು, ಕಡಿಮೆ ಶಿಕ್ಷೆ ಅನುಭವಿಸಿ ಮನೆಗೆ ಹೋಗುವುದರಲ್ಲಿ ಅನ್ಯಾಯವೇನೂ ಇಲ್ಲ. ಹೊರಗಿದ್ದು ಪ್ರಕರಣ ನಡೆಸುವ ಸ್ಥಿತಿವಂತ ಆರೋಪಿ ಈ ಅರ್ಜಿ ಹಾಕಿದರೆ, ಪ್ರಮಾಣಪತ್ರದಲ್ಲಿ 'ಸ್ವಇಚ್ಛೆಯಿಂದ' ಎಂಬ ಮಾತು ಬರೆಯುವಾಗ ನನ್ನ ಪೆನ್ನು ತಡವರಿಸುವುದಿಲ್ಲ. ತಡವರಿಸುವುದು ಒಳಗಿರುವವನಿಗಾಗಿ ಬರೆಯುವಾಗ. ನ್ಯಾಯಾಧೀಶರು ಕೊಠಡಿಯಲ್ಲಿ ಕೂರಿಸಿಕೊಂಡು "ಯಾರಾದರೂ ಒತ್ತಾಯ ಮಾಡಿದ್ದಾರೇನಪ್ಪಾ?" ಎಂದು ಕೇಳುತ್ತಾರೆ. ಅವನು "ಇಲ್ಲ ಸ್ವಾಮಿ" ಎನ್ನುತ್ತಾನೆ. ಅದು ಸುಳ್ಳಲ್ಲ, ಒತ್ತಾಯ ಮಾಡಿದ ಮನುಷ್ಯರು ಯಾರೂ ಇಲ್ಲ.

ಇಲ್ಲಿ ಅಮೆರಿಕದ ಮಾತು ಬರಲೇಬೇಕು, ಏಕೆಂದರೆ ನಾವು ತಂದುಕೊಂಡ ಸಸಿಯ ಬೇರು ಅಲ್ಲಿದೆ. ಅಲ್ಲಿನ ಫೆಡರಲ್ ನ್ಯಾಯಾಲಯಗಳಲ್ಲಿ ಆಗುವ ಶಿಕ್ಷೆಗಳಲ್ಲಿ ಶೇ. 97, ರಾಜ್ಯ ನ್ಯಾಯಾಲಯಗಳಲ್ಲಿ ಶೇ. 94 ತಪ್ಪೊಪ್ಪಿಗೆಯಿಂದಲೇ ಆಗುತ್ತವೆಂದು ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಂಥೊನಿ ಕೆನಡಿ 2012ರ ತೀರ್ಪಿನಲ್ಲಿ ಬರೆದರು. ಚೌಕಾಸಿ ಎಂಬುದು ಆ ವ್ಯವಸ್ಥೆಗೆ ಹೊರಗಿನಿಂದ ಅಂಟಿಸಿದ್ದಲ್ಲ, ಅದೇ ವ್ಯವಸ್ಥೆ ಎಂಬ ಧಾಟಿಯ ಮಾತೂ ಆ ವರ್ಷದ ತೀರ್ಪಿನಲ್ಲಿದೆ. ಅಲ್ಲಿ ನಮ್ಮಲ್ಲಿಲ್ಲದ ಒಂದು ಘಟ್ಟವಿದೆ. ನಮ್ಮಲ್ಲಿ ದೋಷಿಯೆಂದು ತೀರ್ಮಾನವಾದ ದಿನವೇ, ಹೆಚ್ಚೆಂದರೆ ಮರುದಿನವೋ ಕೆಲವು ದಿನಗಳ ಮೇಲೋ, ಶಿಕ್ಷೆಯ ಪ್ರಮಾಣದ ಬಗ್ಗೆ ವಾದ ಕೇಳಿ ಆದೇಶ ಹೇಳುತ್ತಾರೆ. ಅಮೆರಿಕದ ಫೆಡರಲ್ ಪದ್ಧತಿಯಲ್ಲಿ ತಪ್ಪೊಪ್ಪಿಗೆಗೂ ಶಿಕ್ಷೆಗೂ ನಡುವೆ ತಿಂಗಳುಗಳೇ ಕಳೆಯುತ್ತವೆ. ಪ್ರೊಬೇಷನ್ ಅಧಿಕಾರಿ ಆರೋಪಿಯ ಬಾಲ್ಯ, ಸಂಪಾದನೆ, ಆರೋಗ್ಯ, ಹಳೆಯ ದಾಖಲೆ ಎಲ್ಲವನ್ನೂ ವಿಚಾರಿಸಿ ವರದಿ ಬರೆಯುತ್ತಾರೆ, ಆ ವರದಿ ಶಿಕ್ಷೆಯ ದಿನಕ್ಕೆ ಕನಿಷ್ಠ 35 ದಿನ ಮೊದಲು ಆರೋಪಿಯ ಕೈಸೇರಬೇಕು.

ಈ ನಡುವಿನ ಕಾಲದಲ್ಲಿ ಅವನು ಎಲ್ಲಿರಬೇಕು, ಮನೆಯಲ್ಲೋ ಜೈಲಿನಲ್ಲೋ? 1984ರ ಜಾಮೀನು ಸುಧಾರಣಾ ಕಾಯಿದೆ ಇದಕ್ಕೆ ಕೊಟ್ಟ ಉತ್ತರ ಕಠಿಣವಾದದ್ದು. ತಪ್ಪೊಪ್ಪಿಗೆಗೆ ಮೊದಲು ಬಿಡುಗಡೆಯೇ ಸಾಮಾನ್ಯ, ಬಂಧನ ಬೇಕೆನ್ನುವ ಸರ್ಕಾರ ಅದಕ್ಕೆ ಕಾರಣ ತೋರಿಸಬೇಕು. ಒಪ್ಪಿಕೊಂಡ ಕ್ಷಣದಿಂದ ತಕ್ಕಡಿ ತಿರುಗುತ್ತದೆ: ತಾನು ಓಡಿಹೋಗುವವನಲ್ಲ, ಯಾರಿಗೂ ಅಪಾಯವಲ್ಲ ಎಂದು ಸ್ಪಷ್ಟ ಮತ್ತು ಮನವರಿಕೆಯಾಗುವ ಸಾಕ್ಷ್ಯದಿಂದ ತೋರಿಸುವ ಹೊರೆ ಆರೋಪಿಯ ಮೇಲೆ ಬೀಳುತ್ತದೆ. ಹಿಂಸೆಯ ಅಪರಾಧಗಳಿಗೂ ಭಾರಿ ಶಿಕ್ಷೆಯ ಮಾದಕ ವಸ್ತು ಅಪರಾಧಗಳಿಗೂ ನಿಯಮ ಇನ್ನೂ ಬಿಗಿ. ಸಾವಿರಾರು ಹೂಡಿಕೆದಾರರನ್ನು ಮುಳುಗಿಸಿದ ಬರ್ನಿ ಮೇಡಾಫ್ ಒಂದು ಕೋಟಿ ಡಾಲರ್ ಜಾಮೀನಿನ ಮೇಲೆ ತನ್ನ ಮನೆಯಲ್ಲೇ ಇದ್ದ. ಯಾವ ಒಪ್ಪಂದವೂ ಇಲ್ಲದೆ 2009ರ ಮಾರ್ಚ್ 12ರಂದು 11 ಆರೋಪಗಳನ್ನೂ ಒಪ್ಪಿಕೊಂಡ ಕೂಡಲೇ ನ್ಯಾಯಾಧೀಶ ಡೆನಿ ಚಿನ್ ಅವನನ್ನು ಜೈಲಿಗೆ ಕಳಿಸಿದರು. ಜೂನ್ 29ರಂದು 150 ವರ್ಷದ ಶಿಕ್ಷೆಯಾಯಿತು. ಇನ್ನೊಂದು ತುದಿಯಲ್ಲಿ, ಟ್ರಂಪ್‌ರ ವಕೀಲರಾಗಿದ್ದ ಮೈಕೆಲ್ ಕೋಹನ್ 2018ರ ಆಗಸ್ಟ್ 21ರಂದು ತಪ್ಪೊಪ್ಪಿಕೊಂಡು ಐದು ಲಕ್ಷ ಡಾಲರಿನ ಮುಚ್ಚಳಿಕೆಯ ಮೇಲೆ ಮನೆಗೆ ಹೋದರು, ಡಿಸೆಂಬರ್ 12ರಂದು ಮೂರು ವರ್ಷದ ಶಿಕ್ಷೆ ಕೇಳಿದರು, ಆದರೂ ಜೈಲಿನ ಬಾಗಿಲಿಗೆ ತಾವೇ ಹೋಗಿ ಹಾಜರಾದದ್ದು 2019ರ ಮೇ 6ರಂದು. ಶಿಕ್ಷೆ ಕೇಳಿಸಿಕೊಂಡವನು ತನ್ನ ಕಾಲ ಮೇಲೆ ತಾನೇ ನಡೆದು ಬರುತ್ತಾನೆಂದು ನಂಬುವ ಈ ಪದ್ಧತಿಯನ್ನು ನಮ್ಮ ಕೋರ್ಟ್ ಹಾಲಿನಲ್ಲಿ ಕಲ್ಪಿಸಿಕೊಳ್ಳಲು ಪ್ರಯತ್ನಿಸಿದ್ದೇನೆ, ಸಾಧ್ಯವಾಗಿಲ್ಲ.

ಇವು ಹಣವಂತರ ಕಥೆಗಳು. ಬಡವನ ಕಥೆ ನ್ಯೂಯಾರ್ಕಿನ ಕಲೀಫ್ ಬ್ರೌಡರ್‌ನದು. 2010ರಲ್ಲಿ, 16ನೇ ವಯಸ್ಸಿನಲ್ಲಿ, ಬೆನ್ನಿನ ಚೀಲವೊಂದನ್ನು ಕದ್ದ ಆರೋಪದ ಮೇಲೆ ಬ್ರಾಂಕ್ಸ್‌ನಲ್ಲಿ ಬಂಧನಕ್ಕೊಳಗಾದ. ಜಾಮೀನಿಗೆ ಬೇಕಿದ್ದ 3,000 ಡಾಲರ್ ಮನೆಯವರಲ್ಲಿರಲಿಲ್ಲ. ರೈಕರ್ಸ್ ಐಲೆಂಡ್ ಜೈಲಿನಲ್ಲಿ ಮೂರು ವರ್ಷ ಕಳೆದ, ಅದರಲ್ಲಿ ಬಹುಕಾಲ ಒಂಟಿ ಸೆರೆ. ಒಪ್ಪಿಕೊಂಡರೆ ಬೇಗ ಬಿಡುತ್ತೇವೆಂಬ ಕೊಡುಗೆಗಳು ಮತ್ತೆ ಮತ್ತೆ ಬಂದವು. ಸಣ್ಣ ಅಪರಾಧಗಳನ್ನು ಒಪ್ಪಿಕೊಂಡರೆ ಇವತ್ತೇ ಮನೆಗೆ ಎಂಬವರೆಗೂ ಅವು ಇಳಿದವು. ಅವನು ಒಪ್ಪಲಿಲ್ಲ. 2013ರಲ್ಲಿ ವಿಚಾರಣೆಯೇ ಇಲ್ಲದೆ ಪ್ರಕರಣ ಕೈಬಿಟ್ಟುಹೋಯಿತು. ಎರಡು ವರ್ಷದ ಮೇಲೆ, 22ನೇ ವಯಸ್ಸಿನಲ್ಲಿ, ಅವನು ತನ್ನ ಪ್ರಾಣ ತಾನೇ ತೆಗೆದುಕೊಂಡ. ನನ್ನ ಹುಡುಗನ ಎರಡು ಪ್ರಶ್ನೆಗಳಲ್ಲಿ ಎರಡನೆಯದನ್ನೇ ಕೊನೆಯವರೆಗೂ ಹಿಡಿದವನು ಅವನು.

ಅಲ್ಲಿರುವ ನಮ್ಮವರಿಗೆ ಸಂಬಂಧಿಸಿದ ಒಂದು ಮಾತನ್ನು ಬಿಡಲಾರೆ. ಎಚ್-1ಬಿ ವೀಸಾದ ಮೇಲಿರುವವರಾಗಲಿ ಗ್ರೀನ್ ಕಾರ್ಡ್ ಪಡೆದವರಾಗಲಿ ಪೌರರಲ್ಲ. ಅವರಿಗೆ ತಪ್ಪೊಪ್ಪಿಗೆಯ ನಿಜವಾದ ಬೆಲೆ ಶಿಕ್ಷೆಯ ತಿಂಗಳುಗಳಲ್ಲಿಲ್ಲ, ಗಡೀಪಾರಿನಲ್ಲಿದೆ. ಜೈಲೇ ಇಲ್ಲದ ಒಪ್ಪಂದವೆಂದು ಸಹಿ ಹಾಕಿದ್ದು ದೇಶ ಬಿಡಿಸಬಹುದು. ಇದನ್ನು ಮೊದಲೇ ತಿಳಿಸಿ ಹೇಳುವುದು ವಕೀಲರ ಕರ್ತವ್ಯವೆಂದು ಅಲ್ಲಿನ ಸುಪ್ರೀಂ ಕೋರ್ಟ್ 2010ರ ಪಡಿಯಾ ಪ್ರಕರಣದಲ್ಲಿ ಹೇಳಿದೆ. ಆ ಪ್ರಕರಣದ ಆರೋಪಿ 40 ವರ್ಷಕ್ಕೂ ಮೇಲ್ಪಟ್ಟು ಅಲ್ಲೇ ನೆಲೆಸಿ, ವಿಯೆಟ್ನಾಂ ಯುದ್ಧದಲ್ಲಿ ಆ ದೇಶದ ಸೈನಿಕನಾಗಿದ್ದವನು. ಪರಿಚಯದವರ ಮಕ್ಕಳು ಸಣ್ಣಪುಟ್ಟ ಪ್ರಕರಣದಲ್ಲಿ ಸಿಕ್ಕಿದಾಗ ಸಲಹೆಗಾಗಿ ನನಗೆ ಫೋನ್ ಬರುವುದುಂಟು. ಒಪ್ಪಂದದ ಕಾಗದಕ್ಕೆ ಕೈ ಹಾಕುವ ಮೊದಲು ವಲಸೆ ಕಾನೂನು ಬಲ್ಲ ವಕೀಲರನ್ನು ಕಾಣಿ ಎಂಬ ಒಂದೇ ಮಾತು ನಾನು ಹೇಳುವುದು.

ನಮ್ಮ ಹುಡುಗನ ವಿಷಯಕ್ಕೆ ಬರುತ್ತೇನೆ. ಎಂಟನೇ ತಿಂಗಳಲ್ಲಿ ಅವನಿಗೆ ನಾನು ಕೊಟ್ಟ ಉತ್ತರ ಹೀಗಿತ್ತು: ಒಪ್ಪಿಕೊಂಡರೆ ಇನ್ನು ಆರು ತಿಂಗಳು, ಪ್ರೊಬೇಷನ್ ಸಿಕ್ಕರೆ ಅದಕ್ಕೂ ಮೊದಲು, ಒಪ್ಪದಿದ್ದರೆ, ಜಾಮೀನುದಾರರು ಸಿಗದೇ ಹೋದರೆ, ಇನ್ನು 20 ತಿಂಗಳು. ಒಪ್ಪಿಕೊಂಡರೆ ಮೇಲ್ಮನವಿ ಇಲ್ಲ, ಹೈಕೋರ್ಟಿನ ರಿಟ್ ಅಧಿಕಾರ ಮತ್ತು ಸುಪ್ರೀಂ ಕೋರ್ಟಿನ ವಿಶೇಷ ಅನುಮತಿ ಬಿಟ್ಟರೆ ಬೇರೆ ದಾರಿಯಿಲ್ಲ. ಮುಂದೆಂದೂ 'ಮೊದಲ ಸಲದವನು' ಎಂಬ ರಿಯಾಯಿತಿ ಇಲ್ಲ. ಪೊಲೀಸ್ ಪರಿಶೀಲನೆ ಕೇಳುವ ಯಾವ ಕೆಲಸಕ್ಕೂ ಹೋಗುವುದು ಕಷ್ಟ. ಅವನು ಕೊನೆಯ ಮೂರು ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ ಎಂದು ನನಗೆ ಅನ್ನಿಸಿತು. ಬೆರಳಿನಲ್ಲಿ ತಿಂಗಳು ಎಣಿಸಿ, "ಆರು ಅಂದ್ರ ಪಂಚಮಿ ಹಬ್ಬಕ್ಕ ಊರಾಗ ಇರ್ತೀನಿ. ತಪ್ಪಾತು ಅಂತ ಬರದ್ಬಿಡ್ರಿ ಸರ್," ಎಂದ.

ಬರೆಯುವ ಹಾಗಿರಲಿಲ್ಲ. ತಲೆಮರೆಸಿಕೊಂಡ ಮೇಸ್ತ್ರಿಯ ಪ್ರಕರಣವನ್ನು ಬೇರ್ಪಡಿಸದೆ ಬಿಟ್ಟದ್ದರಿಂದ ದೋಷಾರೋಪಣೆಯೇ ರಚನೆಯಾಗಿರಲಿಲ್ಲ. ಆ ಬಿಡುವಿನಲ್ಲಿ ನಾನು ಇನ್ನೊಂದು ಅರ್ಜಿ ಹಾಕಿದೆ. ಜಾಮೀನು ಮಂಜೂರಾದ ಒಂದು ತಿಂಗಳೊಳಗೆ ಮುಚ್ಚಳಿಕೆ ಸಲ್ಲಿಸಲಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತನ್ನು ಸಡಿಲಿಸುವ ಬಗ್ಗೆ ಪರಿಶೀಲಿಸಬಹುದೆಂದು ಸುಪ್ರೀಂ ಕೋರ್ಟ್ 2023ರ ಜನವರಿ 31ರ ಆದೇಶದಲ್ಲಿ ಹೇಳಿದೆ. ಸ್ಥಳೀಯ ಜಾಮೀನುದಾರರೇ ಬೇಕೆಂಬ ಹಟ ಬಿಡುಗಡೆಯನ್ನು ತಡೆಯುತ್ತಿದೆಯೆಂದೂ ಅದರಲ್ಲಿದೆ. ಬಡ ಕೈದಿಗಳಿಗಾಗಿ ಕೇಂದ್ರ ಗೃಹ ಸಚಿವಾಲಯ ಅದೇ ವರ್ಷ ತಂದ ಯೋಜನೆಯಲ್ಲಿ ಜಾಮೀನಿನ ಬಾಬ್ತು ಆಗ 40,000 ರೂಪಾಯಿವರೆಗೆ ನೆರವಿತ್ತು. ಅದರ ಕಡತವನ್ನೂ ಸಮಾನಾಂತರವಾಗಿ ಜಿಲ್ಲಾ ಸಮಿತಿಗೆ ಕಳಿಸಿದೆ. ಅಲ್ಲಿಂದ ಮಾಹಿತಿ ಕೇಳಿದ ಪತ್ರ ಬಂದದ್ದು ಹುಡುಗ ಹೊರಬಂದ ಮೇಲೆ. ಹೊರಬಂದದ್ದು ಹೇಗೆಂದರೆ, ಹೊಸದಾಗಿ ವರ್ಗವಾಗಿ ಬಂದ ನ್ಯಾಯಾಧೀಶರು ಆರು ತಿಂಗಳಿಂದ ಆ ಆದೇಶ ಬರೀ ಕಾಗದವಾಗಿ ಬಿದ್ದಿರುವುದನ್ನು ನೋಡಿ, ಇಬ್ಬರು ಜಾಮೀನುದಾರರ ಷರತ್ತನ್ನು ಕೈಬಿಟ್ಟು 20,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುವಂತೆ ಹೇಳಿದರು. ಒಂಬತ್ತೂವರೆ ತಿಂಗಳ ಮೇಲೆ ಅವನು ಹೊರಗೆ ಬಂದ.

ಅದಾದ ಎರಡು ತಿಂಗಳಿಗೆ ಪ್ರಕರಣ ಬೇರ್ಪಟ್ಟಿತು, ದೋಷಾರೋಪಣೆ ರಚನೆಯಾಯಿತು, 30 ದಿನದ ಗಡುವು ಶುರುವಾಯಿತು. ಅವತ್ತು ಕೋರ್ಟಿನ ಕ್ಯಾಂಟೀನಿನ ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಅವನಿಗೆ ಇನ್ನೊಮ್ಮೆ ಲೆಕ್ಕ ಹೇಳಿದೆ. ಹೇಳುವುದು ನನ್ನ ಕರ್ತವ್ಯವಾಗಿತ್ತು. 14 ತಿಂಗಳಲ್ಲಿ ಒಂಬತ್ತೂವರೆ ಕಳೆದರೆ ಉಳಿಯುವುದು ನಾಲ್ಕೂವರೆ. ದೂರುದಾರರಿಗೆ ಸರ ವಾಪಸು ಸಿಕ್ಕಿರುವುದರಿಂದ ಅವರು ಪ್ರೊಬೇಷನ್‌ಗೆ ಅಡ್ಡಿ ಮಾಡದೆಯೂ ಇರಬಹುದು. ಅದೇ ಕಾನೂನು, ಅದೇ ಸಾಕ್ಷ್ಯ, ಅದೇ ಹುಡುಗ. ಅವನು ಚಹಾದ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದ, ನಾನೇನೋ ತಮಾಷೆ ಮಾಡುತ್ತಿದ್ದೇನೆಂಬಂತೆ. "ಈಗ್ಯಾಕ್ರೀ ಸರ್?" ಎಂದ.

ಅವನು ಕದ್ದಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕೇಳಿಲ್ಲ, ಅವನು ಹೇಳಿಲ್ಲ. 31ನೇ ದಿನ ಕಡತದಲ್ಲಿ ಗಡುವು ಮುಗಿದ ತಾರೀಖನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡೆ. ಪ್ರತಿ ವಾಯಿದೆಗೂ ಅವನು ಹಿಂದಿನ ರಾತ್ರಿ ಬಸ್ ಹತ್ತಿ ಬೆಳಿಗ್ಗೆ ಬಂದಿಳಿದು, ಬಸ್ ನಿಲ್ದಾಣದಲ್ಲೇ ಮುಖ ತೊಳೆದುಕೊಂಡು, ಹೆಸರು ಕೂಗುವ ಮೊದಲೇ ಹಾಲಿನ ಬಾಗಿಲಲ್ಲಿ ನಿಂತಿರುತ್ತಾನೆ. ಇದುವರೆಗೆ ಒಂದು ವಾಯಿದೆಯೂ ತಪ್ಪಿಲ್ಲ. ಗಿರವಿ ಅಂಗಡಿಯವರಿಗೆ ಸಮನ್ಸ್ ಹೋಗಿದೆ.